ಜಡ್ಜಿಗೂ ಓಟಾ?

2022ರ ಅಕ್ಟೋಬರ್‌ನಲ್ಲಿ ನಮ್ಮ ಮನೆಗೆ ಬ್ಯಾಲೆಟ್ ಬಂತು. ಅಮೆರಿಕದ ಪ್ರಜೆಯಾದ ಮೇಲೆ ಅದು ನನ್ನ ಮೊದಲ ಓಟು. ಕ್ಯಾಲಿಫೋರ್ನಿಯಾದಲ್ಲಿ ಮತಗಟ್ಟೆ ಮುಂದೆ ಸಾಲು ನಿಲ್ಲೋದು ಈಗ ಕಡಿಮೆ. ಎಲ್ಲರ ಮನೆಗೂ ಅಂಚೆಯಲ್ಲೇ ಚೀಟಿ ಬರುತ್ತದೆ. ಊಟದ ಮೇಜಿನ ಮೇಲೆ ಹರಡಿಕೊಂಡು, ಪೆನ್ನಿನಲ್ಲಿ ಗುರುತು ತುಂಬಿ, ಲಕೋಟೆಗೆ ಸಹಿ ಹಾಕಿ, ಲೈಬ್ರರಿ ಹತ್ತಿರದ ಡಬ್ಬಕ್ಕೆ ಹಾಕಿ ಬಂದರೆ ಮುಗಿಯಿತು. ಬೆರಳಿಗೆ ಮಸಿ ಇಲ್ಲ. ಅದೊಂದು ಬೇಜಾರು.

ಗವರ್ನರ್ ಯಾರಾಗಬೇಕು ಅನ್ನೋದರಿಂದ ಶುರುವಾದ ಪಟ್ಟಿ ಮುಗಿಯೋದೇ ಇಲ್ಲ. ಗವರ್ನರ್ ಅಂದರೆ ನಮ್ಮ ರಾಜ್ಯಪಾಲರ ಥರ ಅಲ್ಲ, ಇಲ್ಲಿ ಅವರೇ ಮುಖ್ಯಮಂತ್ರಿ ಇದ್ದ ಹಾಗೆ. ನಡುವೆ ಒಂದು ಕಡೆ ನಾಲ್ಕು ಹೆಸರುಗಳಿದ್ದವು. ಪೆಟ್ರೀಷಿಯಾ ಗೆರೆರೊ, ಗುಡ್ವಿನ್ ಲಿಯು, ಮಾರ್ಟಿನ್ ಜೆಂಕಿನ್ಸ್, ಜೋಶುವಾ ಗ್ರೋಬನ್. ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು. ಎದುರಾಳಿ ಯಾರೂ ಇಲ್ಲ. ಒಬ್ಬೊಬ್ಬರ ಹೆಸರಿನ ಮುಂದೆ ಎರಡೇ ಆಯ್ಕೆ: ಇರಲಿ, ಬೇಡ.

ಹಾಸನದಿಂದ ಅಮ್ಮ ವಿಡಿಯೋ ಕಾಲ್‌ನಲ್ಲಿದ್ದಳು.

"ಏನೇ ಅದು, ಅಷ್ಟುದ್ದ ಪೇಪರ್ರು?"

"ಓಟಿನ ಚೀಟಿ ಕಣಮ್ಮ. ಇಲ್ಲಿ ಜಡ್ಜಿಗಳಿಗೂ ಓಟು ಹಾಕಬೇಕು."

"ಜಡ್ಜಿಗೂ ಓಟಾ? ಹಂಗಾದ್ರೆ ಅವ್ರೂ ಮನೆಮನೆಗೆ ಬಂದು ಕೈ ಮುಗೀತಾರಾ?"

ನಾನು ನಕ್ಕೆ. ಆದರೆ ಉತ್ತರ ಹೊಳೆಯಲಿಲ್ಲ. ಆ ನಾಲ್ಕು ಜಾಗ ಖಾಲಿ ಬಿಟ್ಟು ಉಳಿದದ್ದೆಲ್ಲ ತುಂಬಿದೆ.

ಅದೇ ವಾರ ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲೂ ಬಂತು. ಸಿಲಿಕಾನ್ ವ್ಯಾಲಿಯಲ್ಲಿ ಮನೆ ಕೊಂಡ ಯಾರನ್ನಾದರೂ ಕೇಳಿ, ಆ ಬಿಲ್ಲು ಬಂದ ದಿನ ಅಡುಗೆ ರುಚಿಸುವುದಿಲ್ಲ. ನಮ್ಮ ಬೇಲಿಯ ಆಚೆ ಒಬ್ಬರು ಅಜ್ಜ ಇದ್ದಾರೆ. ಎಂಬತ್ತು ದಾಟಿದವರು, ಹೆಂಡತಿ ತೀರಿಕೊಂಡಿದ್ದಾರೆ, ಒಬ್ಬರೇ. ಅವರ ಮನೆಯೂ ನಮ್ಮ ಮನೆಯೂ ಒಂದೇ ಬಿಲ್ಡರ್ ಕಟ್ಟಿದ್ದು, ಒಂದೇ ನಕ್ಷೆ, ಕಿಟಕಿ ಕೂಡ ಒಂದೇ ಅಳತೆ. ಅವರು ಕೊಂಡಿದ್ದು 1974ರಲ್ಲಿ. ನಾವು ಕೊಂಡಿದ್ದು ಮೊನ್ನೆ ಮೊನ್ನೆ. ಅವರು ಕಟ್ಟುವ ತೆರಿಗೆ ನಮ್ಮದರ ಹತ್ತನೇ ಒಂದು ಭಾಗವೂ ಇಲ್ಲ. ಇದೇನು ಗುಟ್ಟಲ್ಲ, ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು.

ಬೇಲಿ ಹತ್ತಿರ ಸಿಕ್ಕಾಗ ಸುಮ್ನೆ ಗೊಣಗಿದೆ. ಅಜ್ಜ ನಿಂಬೆಹಣ್ಣು ಕೀಳುತ್ತಿದ್ದರು. ಕೈ ನಿಲ್ಲಿಸದೆಯೇ, "ಇದು ಅನ್ಯಾಯ ಅಂತ 1978ರಲ್ಲೇ ಒಬ್ಬಳು ಬರೆದಿದ್ದಳು. ಏಳು ಜಡ್ಜಿಗಳಲ್ಲಿ ಅವಳೊಬ್ಬಳೇ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆಮೇಲೆ ನಾವು ಅವಳನ್ನು ಕೆಳಗಿಳಿಸಿದೆವು" ಅಂತ ಸೇರಿಸಿದರು.

ಅವಳ ಹೆಸರು ರೋಸ್ ಬರ್ಡ್. ಆವತ್ತು ರಾತ್ರಿ ಓದಲು ಕೂತವಳು ಒಂದು ವಾರ ಅದರಲ್ಲೇ ಇದ್ದೆ.

ರೋಸ್ ಎಲಿಜಬೆತ್ ಬರ್ಡ್ ಹುಟ್ಟಿದ್ದು 1936ರ ನವೆಂಬರ್ 2ರಂದು, ಅರಿಜೋನಾದ ಟೂಸಾನ್ ಊರಿನ ಹತ್ತಿರ. ಇನ್ನೂ ಚಿಕ್ಕ ಹುಡುಗಿ ಇರುವಾಗಲೇ ತಂದೆ ತೀರಿಕೊಂಡರು. ತಾಯಿ ಆನ್ ಮೂರು ಮಕ್ಕಳನ್ನು ಕಟ್ಟಿಕೊಂಡು ಒದ್ದಾಡಿದರು, ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ದುಡಿದರು. ಆಮೇಲೆ ಸಂಸಾರ ನ್ಯೂಯಾರ್ಕಿನ ಲಾಂಗ್ ಐಲೆಂಡ್ ಕಡೆಗೆ ಹೋಯಿತು. ಮಗಳು ಸ್ಕಾಲರ್‌ಶಿಪ್ ಹಿಡಿದು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಓದಿದಳು. ಪತ್ರಕರ್ತೆ ಆಗೋಣ ಅಂತ ಇತ್ತಂತೆ. ಕೊನೆಗೆ ಬಂದು ಸೇರಿದ್ದು ಬರ್ಕ್ಲಿಯ ಕಾನೂನು ಶಾಲೆಗೆ. 1965ರಲ್ಲಿ ಪದವಿ. ಬರ್ಕ್ಲಿಯಲ್ಲಿದ್ದಾಗಲೇ ಜೆರ್ರಿ ಬ್ರೌನ್ ಅನ್ನುವ ಹುಡುಗನ ಪರಿಚಯವಾಯಿತು. ಆ ಹುಡುಗನ ಅಪ್ಪ ಆಗ ಕ್ಯಾಲಿಫೋರ್ನಿಯಾದ ಗವರ್ನರ್.

1966ರಲ್ಲಿ ಬರ್ಡ್ ಸಾಂಟಾ ಕ್ಲಾರಾ ಕೌಂಟಿಯ ಪಬ್ಲಿಕ್ ಡಿಫೆಂಡರ್ ಕಚೇರಿ ಸೇರಿದರು. ವಕೀಲರಿಗೆ ಕೊಡಲು ದುಡ್ಡಿಲ್ಲದ ಆರೋಪಿಗಳ ಪರವಾಗಿ ಸರ್ಕಾರದ ಸಂಬಳದಲ್ಲೇ ವಾದ ಮಾಡುವ ಕೆಲಸ ಅದು. ಆ ಕಚೇರಿಗೆ ಸೇರಿದ ಮೊದಲ ಹೆಂಗಸು ಅವರೇ. ನಾನಿರುವುದು ಅದೇ ಕೌಂಟಿ. ನಮ್ಮ ಟ್ಯಾಕ್ಸ್ ಬಿಲ್ಲಿನ ಮೇಲಿರುವ ಹೆಸರೂ ಅದೇ. ಎಂಟು ವರ್ಷ ಕಳ್ಳತನ, ಕೊಲೆ, ಹೊಡೆದಾಟದ ಕೇಸುಗಳು. ಕಟಕಟೆಯಲ್ಲಿ ಯಾರೂ ಇಲ್ಲದವನ ಪಕ್ಕ ನಿಲ್ಲೋದು. ಮುಂದೆ ಬರ್ಡ್ ಮಾಡಿದ್ದೆಲ್ಲದರ ಬೇರು ಈ ಎಂಟು ವರ್ಷಗಳಲ್ಲಿದೆ ಅಂತ ನನಗೆ ಅನ್ನಿಸುತ್ತದೆ. ಪೊಲೀಸರು, ಸರ್ಕಾರಿ ವಕೀಲರು ಎಲ್ಲೆಲ್ಲಿ ಅಡ್ಡದಾರಿ ಹಿಡಿಯುತ್ತಾರೆ ಅಂತ ನೋಡಿದ ಕಣ್ಣು, ಆಮೇಲೆ ಎಷ್ಟು ಎತ್ತರದ ಕುರ್ಚಿಯಲ್ಲಿ ಕೂತರೂ ಅದನ್ನೇ ಹುಡುಕುತ್ತದೆ.

1974ರಲ್ಲಿ ಜೆರ್ರಿ ಬ್ರೌನ್ ಗವರ್ನರ್ ಚುನಾವಣೆಗೆ ನಿಂತಾಗ ಬರ್ಡ್ ಪ್ರಚಾರಕ್ಕೆ ಇಳಿದರು. ಅವರ ಕಾರು ಓಡಿಸಿದ್ದೂ ಉಂಟು. ಬ್ರೌನ್ ಗೆದ್ದರು, ಬರ್ಡ್ ಕೃಷಿ ಮತ್ತು ಸೇವಾ ಇಲಾಖೆಯ ಮುಖ್ಯಸ್ಥೆಯಾದರು. ಕ್ಯಾಲಿಫೋರ್ನಿಯಾದ ಮಂತ್ರಿಮಂಡಲದ ಮಟ್ಟಕ್ಕೆ ಏರಿದ ಮೊದಲ ಮಹಿಳೆ. ಕೃಷಿಗೂ ಅವರಿಗೂ ಏನು ಸಂಬಂಧ ಅಂತ ಜಮೀನ್ದಾರರು ಮೂಗು ಮುರಿದರು. ಮುರಿಯಲು ಬೇಗನೆ ಇನ್ನೂ ದೊಡ್ಡ ಕಾರಣ ಸಿಕ್ಕಿತು.

ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಆಗ ಒಂದು ಗಿಡ್ಡ ಗುದ್ದಲಿ ಇತ್ತು. ಮೆಕ್ಸಿಕನ್ ಕೂಲಿಕಾರರು ಅದನ್ನು ಎಲ್ ಕೊರ್ಟಿಟೊ ಅನ್ನುತ್ತಿದ್ದರು, ಅಂದರೆ ಗಿಡ್ಡ. ಹಿಡಿ ಒಂದು ಅಡಿ ಚಿಲ್ಲರೆ. ಲೆಟ್ಯೂಸ್, ಸಕ್ಕರೆ ಬೀಟ್ ಸಾಲುಗಳಲ್ಲಿ ಬೆಳಗಿಂದ ಸಂಜೆವರೆಗೆ ಸೊಂಟ ಮುರಿದು ಬಗ್ಗಿಯೇ ಕೆಲಸ ಮಾಡಬೇಕು. ಉದ್ದ ಹಿಡಿ ಹಾಕಿದರೆ ಏನು ಕಷ್ಟ? ಬಗ್ಗಿದರೆ ಕೆಲಸ ಚೊಕ್ಕ ಆಗುತ್ತದೆ ಅಂತ ಮಾಲೀಕರ ವಾದ. ಎದ್ದು ನಿಂತವನು ಮೈಗಳ್ಳ ಅಂತ ದೂರದಿಂದಲೇ ಗೊತ್ತಾಗಿಬಿಡುತ್ತದೆ ಅನ್ನೋದು ಕೂಲಿಕಾರರು ಕಂಡುಕೊಂಡ ನಿಜ. ಕಳೆ ಕಿತ್ತು ಕಿತ್ತು ಸೊಂಟ ಹೋದ ಹೆಂಗಸರನ್ನು ನಮ್ಮೂರಿನಲ್ಲಿ ನೋಡಿ ಬೆಳೆದವಳು ನಾನು. ಇದನ್ನು ಓದಿದಾಗ ಒಂದು ಕ್ಷಣ ಬೆನ್ನು ನೆಟ್ಟಗೆ ಮಾಡಿಕೊಂಡೆ. ಬಡವರ ಪರ ವಕೀಲರು ವರ್ಷಗಟ್ಟಲೆ ಹೋರಾಡಿ ಕೋರ್ಟಿನಲ್ಲಿ ಗೆದ್ದ ಮೇಲೆ, 1975ರಲ್ಲಿ ಆ ಗುದ್ದಲಿ ಹೊಲ ಬಿಟ್ಟು ಹೋಯಿತು. ಅದೇ ವರ್ಷ ಹೊಲದ ಕೂಲಿಕಾರರಿಗೆ ಸಂಘ ಕಟ್ಟಿಕೊಳ್ಳುವ, ಮಾಲೀಕರ ಜೊತೆ ಕೂತು ಕೂಲಿ ಮಾತಾಡುವ ಹಕ್ಕು ಕೊಡುವ ಕಾನೂನೂ ಬಂತು. ಕೂಲಿಕಾರರ ನಾಯಕ ಸೀಸರ್ ಚಾವೇಜ್ ಮತ್ತು ಅವರ ಸಂಘ ವರ್ಷಗಳಿಂದ ಕೇಳುತ್ತಿದ್ದದ್ದು. ಆ ಕಾನೂನು ರೂಪುಗೊಳ್ಳುವಾಗ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸಿದವರಲ್ಲಿ ಬರ್ಡ್ ಮುಖ್ಯರು.

ದೊಡ್ಡ ಜಮೀನ್ದಾರರು ಅದನ್ನು ಮರೆಯಲಿಲ್ಲ.

1977ರಲ್ಲಿ ರಾಜ್ಯದ ಮುಖ್ಯ ನ್ಯಾಯಮೂರ್ತಿ ಡೊನಾಲ್ಡ್ ರೈಟ್ ನಿವೃತ್ತರಾದರು. ಆ ಜಾಗಕ್ಕೆ ಬ್ರೌನ್ ಆರಿಸಿದ್ದು ಬರ್ಡ್‌ರನ್ನು. ವಯಸ್ಸು ನಲವತ್ತು. ಒಂದು ದಿನವೂ ಯಾವ ಕೋರ್ಟಿನಲ್ಲೂ ಜಡ್ಜ್ ಆಗಿದ್ದವರಲ್ಲ. ಅದುವರೆಗೆ ಆ ಕೋರ್ಟಿನಲ್ಲಿ ಒಬ್ಬ ಹೆಂಗಸೂ ಕೂತಿರಲಿಲ್ಲ, ಇವರು ಬಂದಿದ್ದು ನೇರ ಮುಖ್ಯಸ್ಥೆಯಾಗಿ! ಸ್ಟಾನ್ಲಿ ಮಾಸ್ಕ್ ಅನ್ನುವ ಹಿರಿಯ ನ್ಯಾಯಮೂರ್ತಿ ಆ ಸ್ಥಾನ ತನಗೆ ಬರುತ್ತದೆ ಅಂತ ಕಾದಿದ್ದರು. ಇಲ್ಲಿ ಗವರ್ನರ್ ಹೆಸರಿಸಿದರೆ ಸಾಲದು, ಮೂವರ ಸಮಿತಿ ಒಪ್ಪಬೇಕು. ಬರ್ಡ್‌ಗೆ ಸಿಕ್ಕಿದ್ದು ಎರಡು-ಒಂದು. ಅಂದರೆ ಒಂದೇ ಒಂದು ಓಟು ಆಚೀಚೆ ಆಗಿದ್ದರೆ ಈ ಕತೆ ಇರುತ್ತಿರಲಿಲ್ಲ.

ಬಂದವರು ನಯವಾಗಿ ನಡೆದುಕೊಂಡರಾ ಅಂದರೆ, ಇಲ್ಲ. ಮುಖ್ಯ ನ್ಯಾಯಮೂರ್ತಿಗೆಂದು ಇದ್ದ ಐಷಾರಾಮಿ ಕಾರನ್ನು ಮಾರಿಸಿದರು. ಅದು ನನಗೆ ಇಷ್ಟವಾಯಿತು. ತಮ್ಮ ಕೊಠಡಿಗಳ ಬೀಗ ಬದಲಾಯಿಸಿದರು. ಅದು ಅಲ್ಲಿದ್ದ ಹಳಬರಿಗೆ ಇಷ್ಟವಾಗಲಿಲ್ಲ. ತಾವು ಕರೆತಂದ ಕೆಲವರನ್ನು ಬಿಟ್ಟರೆ ಬೇರೆಯವರನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಪತ್ರಕರ್ತರನ್ನಂತೂ ದೂರವೇ ಇಟ್ಟರು. ಗಂಡಸೊಬ್ಬ ಹೀಗೆ ಮಾಡಿದ್ದರೆ ಬಿಗಿ ಆಡಳಿತಗಾರ ಅನ್ನುತ್ತಿದ್ದರು ಅನ್ನೋದು ನಿಜ. ಬರ್ಡ್‌ಗೆ ಜನರ ಜೊತೆ ಹೊಂದಿಕೊಳ್ಳುವ ಕಲೆ ಅಷ್ಟಾಗಿ ಇರಲಿಲ್ಲ ಅನ್ನೋದೂ ನಿಜ. ಇದರ ಮೇಲೆ ಕಾಯಿಲೆ. 1976ರಲ್ಲೇ ಸ್ತನ ಕ್ಯಾನ್ಸರ್ ಆಗಿ ಶಸ್ತ್ರಚಿಕಿತ್ಸೆ ಆಗಿತ್ತು. ಅದು ಮತ್ತೆ ಮತ್ತೆ ಮರಳಿತು. ಆ ಕುರ್ಚಿಯಲ್ಲಿ ಕೂತಿದ್ದಷ್ಟು ಕಾಲವೂ ಆ ಭಯ ಮೈಯಲ್ಲೇ ಇತ್ತು.

ಈಗ ನಮ್ಮ ಟ್ಯಾಕ್ಸ್ ಬಿಲ್ಲಿಗೆ ಬರೋಣ.

1978ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಜನ ಪ್ರೊಪೊಸಿಷನ್ 13 ಅನ್ನುವುದಕ್ಕೆ ಓಟು ಹಾಕಿದರು. ಇಲ್ಲಿ ಸಾಕಷ್ಟು ಸಹಿ ಕೂಡಿಸಿದರೆ ಜನರೇ ನೇರವಾಗಿ ಸಂವಿಧಾನವನ್ನೂ ತಿದ್ದಬಹುದು. ಮನೆಗಳ ಬೆಲೆ ಏರಿ, ತೆರಿಗೆ ಏರಿ, ಪಿಂಚಣಿ ನಂಬಿಕೊಂಡ ವಯಸ್ಸಾದವರು ಮನೆ ಮಾರುವ ಸ್ಥಿತಿ ಬಂದಿತ್ತು. ಹೊಸ ನಿಯಮ ಸರಳ. ತೆರಿಗೆ ಮನೆಯ ಬೆಲೆಯ 1%. ಹಳಬರಿಗೆ 1975ರ ಬೆಲೆಯೇ ಲೆಕ್ಕ. ಆ ಲೆಕ್ಕದ ಬೆಲೆ ವರ್ಷಕ್ಕೆ 2%ಗಿಂತ ಹೆಚ್ಚು ಏರುವಂತಿಲ್ಲ. ಮನೆ ಕೈ ಬದಲಾದರೆ ಮಾತ್ರ ಹೊಸ ಬೆಲೆ. ಸುಮಾರು ಮೂರನೇ ಎರಡರಷ್ಟು ಜನ ಹೂಂ ಅಂದರು. ವಿಷಯ ಸುಪ್ರೀಂ ಕೋರ್ಟಿಗೆ ಬಂತು. ಅದೇ ಸೆಪ್ಟೆಂಬರ್‌ನಲ್ಲಿ ಕೋರ್ಟು ಅದನ್ನು ಎತ್ತಿಹಿಡಿಯಿತು.

ಬರ್ಡ್ ಬೇರೆ ಮಾತು ಬರೆದರು. ಬಹಳಷ್ಟು ವಿಷಯಗಳಲ್ಲಿ ಉಳಿದವರ ಜೊತೆಗೇ ಇದ್ದರು. ಒಂದು ಕಡೆ ಮಾತ್ರ ನಿಂತುಬಿಟ್ಟರು. ಒಂದೇ ಬೀದಿ, ಒಂದೇ ಥರದ ಎರಡು ಮನೆ. ಒಬ್ಬರು ಮೊದಲು ಕೊಂಡರು, ಇನ್ನೊಬ್ಬರು ಆಮೇಲೆ ಕೊಂಡರು. ಅಷ್ಟಕ್ಕೇ ತೆರಿಗೆಯಲ್ಲಿ ಇಷ್ಟೊಂದು ಅಂತರ ಇಟ್ಟರೆ ಕಾನೂನಿನ ಮುಂದೆ ಎಲ್ಲರೂ ಸಮ ಅನ್ನುವ ಮಾತಿಗೆ ಏನರ್ಥ? ನಲವತ್ತನಾಲ್ಕು ವರ್ಷದ ಹಿಂದೆ, ನಾನು ಹುಟ್ಟುವ ಮೊದಲೇ, ನನ್ನ ಬೇಲಿಯ ಎರಡೂ ಕಡೆ ನೋಡಿಕೊಂಡು ಬರೆದ ಹಾಗಿತ್ತು ಅದು. ಈ ಜಗಳ 1992ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಲ್ಲೂ ಹೊಸದಾಗಿ ಕೊಂಡವರೇ ಸೋತರು. ಆಗಲೂ ಭಿನ್ನ ತೀರ್ಪು ಒಂದೇ.

ಅವರು ಇದನ್ನು ಬರೆದದ್ದು ಯಾವಾಗ ನೋಡಿ. ಇನ್ನು ಎರಡು ತಿಂಗಳೂ ಇಲ್ಲ, ನವೆಂಬರ್‌ನಲ್ಲಿ ಅವರ ಹೆಸರೇ ಬ್ಯಾಲೆಟ್ ಮೇಲೆ ಬರುವುದಿತ್ತು. ಮೂರನೇ ಎರಡರಷ್ಟು ಜನ ಕುಣಿದು ಕುಪ್ಪಳಿಸಿದ್ದರ ವಿರುದ್ಧ, ಓಟು ಕೇಳಬೇಕಾದ ಹೊತ್ತಿನಲ್ಲಿ. ಬುದ್ಧಿ ಇದ್ದವರು ಯಾರಾದರೂ ಸುಮ್ಮನೆ ಬಹುಮತದ ಬಾಲ ಹಿಡಿದು ಹೋಗುತ್ತಿದ್ದರು, ಅಲ್ವಾ?

ಅದೇ ವರ್ಷ ಇನ್ನೊಂದು ಕೇಸು. ಅತ್ಯಾಚಾರವನ್ನೇ ತೀವ್ರ ದೈಹಿಕ ಗಾಯ ಅಂತ ಎಣಿಸಿ ಹೆಚ್ಚುವರಿ ಶಿಕ್ಷೆ ಕೊಡಬಹುದೇ ಅನ್ನುವ ಪ್ರಶ್ನೆ. ಆಗಿನ ಕಾನೂನಿನ ಪದಗಳಲ್ಲಿ ಅದು ಬರುವುದಿಲ್ಲ ಅಂತ ಕೋರ್ಟು ಹೇಳಿತು. ಬರ್ಡ್ ಒಪ್ಪಿದರು. ಇಂಥ ಅಪರಾಧದ ಬಗ್ಗೆ ನನಗೆ ಎಷ್ಟೇ ಹೇಸಿಗೆ ಇರಲಿ, ಅದನ್ನೇ ನೆಪ ಮಾಡಿಕೊಂಡು ಕಾನೂನನ್ನು ತಿದ್ದಿ ಬರೆಯುವ ಅಧಿಕಾರ ಜಡ್ಜಿಗಿಲ್ಲ, ಅದು ಶಾಸನಸಭೆಯ ಕೆಲಸ ಅನ್ನುವ ಅರ್ಥದ ಮಾತು ಬರೆದರು. ಕೋರ್ಟಿನಲ್ಲಿದ್ದ ಒಬ್ಬಳೇ ಹೆಂಗಸು ಹೀಗೆ ಬರೆದಳಲ್ಲ ಅಂತ ಬೈದರು. ನನಗೂ ಮೊದಲ ಸಲ ಓದಿದಾಗ ಸಿಟ್ಟೇ ಬಂತು. ಈಗಲೂ ಪೂರ್ತಿ ಹೋಗಿಲ್ಲ.

ಆ ನವೆಂಬರ್‌ನಲ್ಲಿ ಬರ್ಡ್ ಉಳಿದರು. ಇರಲಿ ಅಂದವರು 51.7%. ಕೂದಲೆಳೆಯ ಗೆಲುವು. ಮತದಾನದ ದಿನವೇ ಪತ್ರಿಕೆಯಲ್ಲಿ ಒಂದು ಸುದ್ದಿ ಬಂದಿತ್ತು. ಬಂದೂಕು ಬಳಸಿದವನಿಗೆ ಜೈಲು ಕಡ್ಡಾಯವೇ ಅನ್ನುವ ಕೇಸಿನ ತೀರ್ಪನ್ನು, ಚುನಾವಣೆ ಮುಗಿಯಲಿ ಅಂತ ತಡೆಹಿಡಿದಿದ್ದಾರೆ ಅಂತ. ತನಿಖೆ ಆಗಲಿ ಅಂತ ಬರ್ಡ್ ಅವರೇ ಕೇಳಿದರು. 1979ರಲ್ಲಿ ನ್ಯಾಯಮೂರ್ತಿಗಳನ್ನೇ ಸಾಕ್ಷಿಗಳಾಗಿ ಕೂರಿಸಿ ಬಹಿರಂಗ ವಿಚಾರಣೆ ನಡೆಯಿತು. ಅವರವರ ಮನೆ ಜಗಳವೆಲ್ಲ ಬೀದಿಗೆ ಬಂತು. ನಂತರ ಮಾಸ್ಕ್ ತಕರಾರು ಎತ್ತಿ, ಬಾಗಿಲು ಮುಚ್ಚಿಕೊಂಡು ನಡೆಯಿತು. ಕೊನೆಗೆ ಯಾರ ಮೇಲೂ ಆರೋಪ ಹೊರಿಸಲಿಲ್ಲ. ಆದರೆ ಕೋರ್ಟಿನ ಮಾನ ಹೋಗಿದ್ದು ಹೋಯಿತು.

ಇನ್ನು ಗಲ್ಲಿನ, ಅಂದರೆ ಮರಣದಂಡನೆಯ ವಿಷಯ. ಅಜ್ಜನ ಮಾತು ಅರ್ಥವಾಗಬೇಕಾದರೆ ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಬರ್ಡ್‌ಗೂ ಮೊದಲೇ, 1972ರಲ್ಲಿ, ಇದೇ ಕೋರ್ಟು ಮರಣದಂಡನೆ ರಾಜ್ಯದ ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿತ್ತು. ಬರೆದವರು ಡೊನಾಲ್ಡ್ ರೈಟ್, ಅವರನ್ನು ನೇಮಿಸಿದ್ದು ಗಲ್ಲಿನ ಪರ ಇದ್ದ ಆಗಿನ ಗವರ್ನರ್ ರೊನಾಲ್ಡ್ ರೇಗನ್! ನೂರಕ್ಕೂ ಹೆಚ್ಚು ಜನ ಸಾವಿನ ಸಾಲಿನಿಂದ ಉಳಿದುಕೊಂಡರು, ಹಿಂಬಾಲಕರಿಂದ ಕೊಲೆಗಳನ್ನು ಮಾಡಿಸಿ ಕುಖ್ಯಾತನಾದ ಚಾರ್ಲ್ಸ್ ಮ್ಯಾನ್ಸನ್ ಕೂಡ. ಜನ ಕೆರಳಿ ಅದೇ ನವೆಂಬರ್‌ನಲ್ಲಿ ಓಟು ಹಾಕಿ ಸಂವಿಧಾನವನ್ನೇ ತಿದ್ದಿದರು. 1977ರಲ್ಲಿ ಜೆರ್ರಿ ಬ್ರೌನ್ ಬೇಡ ಅಂದರೂ ಶಾಸನಸಭೆ ಹೊಸ ಗಲ್ಲಿನ ಕಾನೂನು ಮಾಡಿತು. ಅದನ್ನು ತಂದ ಸೆನೆಟರ್ ಜಾರ್ಜ್ ಡ್ಯೂಕ್‌ಮೇಜಿಯನ್. ಈ ಹೆಸರು ನೆನಪಿರಲಿ. 1978ರಲ್ಲಿ ಜನರ ಓಟಿನಿಂದ ಇನ್ನೂ ಅಗಲವಾದ ಕಾನೂನು ಬಂತು.

ಕ್ಯಾಲಿಫೋರ್ನಿಯಾದಲ್ಲಿ ಗಲ್ಲು ಶಿಕ್ಷೆ ಆದರೆ ಮೇಲ್ಮನವಿ ತಾನಾಗಿಯೇ ರಾಜ್ಯದ ಸುಪ್ರೀಂ ಕೋರ್ಟಿಗೆ ಬರುತ್ತದೆ. ಕೈದಿ ಬೇಡ ಅಂದರೂ ಬರುತ್ತದೆ. ಹೊಸ ಕಾನೂನಿನ ಕೆಳಗೆ ಒಂದೊಂದಾಗಿ ಬರತೊಡಗಿದವು. ಬರ್ಡ್ ಮುಂದೆ ಬಂದದ್ದು 60ಕ್ಕೂ ಹೆಚ್ಚು. ಎಷ್ಟರಲ್ಲಿ ಗಲ್ಲನ್ನು ಎತ್ತಿಹಿಡಿದರು? ಒಂದರಲ್ಲೂ ಇಲ್ಲ.

ಕಾರಣಗಳು ಇದ್ದವು. ಉದಾಹರಣೆಗೆ, 1978ರ ಕಾನೂನಿನ ಪ್ರಕಾರ ಜ್ಯೂರಿಗೆ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ಜನರ ಗುಂಪಿಗೆ, ಒಂದು ಮಾತು ಹೇಳಬೇಕಿತ್ತು. ನೀವು ಜೀವಾವಧಿ ಕೊಟ್ಟರೆ ಮುಂದೆ ಗವರ್ನರ್ ಅದನ್ನು ಇಳಿಸಿ ಇವನನ್ನು ಹೊರಗೆ ಬಿಡಬಹುದು ಅಂತ. ಗಲ್ಲು ಕೊಟ್ಟರೂ ಗವರ್ನರ್ ಅದನ್ನು ಇಳಿಸಬಹುದು ಅನ್ನುವ ಇನ್ನರ್ಧ ಮಾತು ಮಾತ್ರ ಹೇಳುವಂತಿರಲಿಲ್ಲ. ಇದು ಜ್ಯೂರಿಯನ್ನು ಗಲ್ಲಿನ ಕಡೆ ತಳ್ಳುವ ಅರ್ಧಸತ್ಯ ಅಂತ ಕೋರ್ಟು ಹೇಳಿತು. 1983ರಲ್ಲಿ ಇನ್ನೊಂದು ತೀರ್ಪು. ದರೋಡೆಯಂಥ ಅಪರಾಧದ ನಡುವೆ ಸಾವಾದರೆ, ಕೊಲ್ಲುವ ಉದ್ದೇಶ ಇತ್ತು ಅಂತ ಜ್ಯೂರಿ ಖಚಿತ ಮಾಡಿಕೊಂಡರೆ ಮಾತ್ರ ಗಲ್ಲಿನ ಮಾತು. ಹಿಂದೆ ನಡೆದ ಎಷ್ಟೋ ವಿಚಾರಣೆಗಳಲ್ಲಿ ಈ ಪ್ರಶ್ನೆಯನ್ನೇ ಕೇಳಿರಲಿಲ್ಲ. ಅವೆಲ್ಲ ಒಂದರ ಹಿಂದೆ ಒಂದು ಬಿದ್ದವು. ಬಹುಪಾಲು ಪ್ರಕರಣಗಳಲ್ಲಿ ಬರ್ಡ್ ಒಂಟಿಯಲ್ಲ, ಕೋರ್ಟಿನ ಬಹುಮತವೇ ಜೊತೆಗಿತ್ತು.

ಆದರೂ ನಾನು ಆ ಸಂಖ್ಯೆಯ ಮುಂದೆ ತುಂಬ ಹೊತ್ತು ಕೂತೆ. ಅರವತ್ತರಲ್ಲಿ ಒಂದೂ ಇಲ್ಲವಾ? ಎಲ್ಲಾ ಸರಿಯಾಗಿ ನಡೆದ ಒಂದೇ ಒಂದು ವಿಚಾರಣೆಯೂ ಸಿಗಲಿಲ್ಲವಾ? ಮಾಸ್ಕ್ ಕೂಡ ಗಲ್ಲನ್ನು ಇಷ್ಟಪಟ್ಟವರಲ್ಲ. ಆದರೂ ಕಾನೂನು ಇದೆ, ಪಾಲಿಸಬೇಕು ಅಂತ ಕೆಲವನ್ನು ಎತ್ತಿಹಿಡಿದರು. ಬರ್ಡ್ ಅಭಿಮಾನಿಗಳು ಈ ಜಾಗದಲ್ಲಿ ಬೇಗ ಬೇಗ ನಡೆದುಬಿಡುತ್ತಾರೆ. ನನಗೆ ಹಾಗೆ ಆಗಲಿಲ್ಲ. ಅತ್ಯಾಚಾರದ ಕೇಸಿನಲ್ಲಿ ತನ್ನ ಹೇಸಿಗೆಯನ್ನು ಪಕ್ಕಕ್ಕಿಟ್ಟು ಕಾನೂನಿನ ಅಕ್ಷರ ಹಿಡಿದವರು, ಇಲ್ಲಿ ತನ್ನ ಮನಸ್ಸನ್ನು ಪಕ್ಕಕ್ಕೆ ಇಟ್ಟಿದ್ದರಾ? ಪ್ರತಿ ಕಡತದಲ್ಲೂ ನಿಜವಾದ ತಪ್ಪೇ ಸಿಕ್ಕಿರಬಹುದು. ಎಂಟು ವರ್ಷ ಆರೋಪಿಗಳ ಪಕ್ಕ ನಿಂತ ಆ ಕಣ್ಣಿಗೆ ತಪ್ಪು ಬೇಗ ಕಾಣುತ್ತಿದ್ದಿರಲೂಬಹುದು. ಎರಡೂ ಒಟ್ಟಿಗೇ ನಿಜ ಇರಬಹುದು ಅಂತ ನನ್ನ ಅನುಮಾನ.

1983ರಲ್ಲಿ ಡ್ಯೂಕ್‌ಮೇಜಿಯನ್ ಗವರ್ನರ್ ಆದರು. 1986ರ ನವೆಂಬರ್‌ನಲ್ಲಿ ಬರ್ಡ್ ಹೆಸರು ಮತ್ತೆ ಬ್ಯಾಲೆಟ್‌ಗೆ ಬರಬೇಕಿತ್ತು. ಗವರ್ನರೇ ಮುಂದೆ ನಿಂತು ಬರ್ಡ್ ಬೇಡ ಅಂದರು. ಜೊತೆಗಿದ್ದ ಕ್ರೂಜ್ ರೆನೋಸೊ ಮತ್ತು ಜೋಸೆಫ್ ಗ್ರೋಡಿನ್ ಬಗ್ಗೆ, ಮುಂದಿನ ಗಲ್ಲಿನ ಕೇಸುಗಳಲ್ಲಿ ಅವರು ಹೇಗೆ ತೀರ್ಪು ಕೊಡುತ್ತಾರೋ ನೋಡಿ ಹೇಳುತ್ತೇನೆ ಅಂತ ಬಹಿರಂಗವಾಗಿಯೇ ಹೇಳಿದರು. ಇದನ್ನು ಎರಡು ಸಲ ಓದಿದೆ. ಒಬ್ಬ ಗವರ್ನರ್ ಇಬ್ಬರು ಜಡ್ಜಿಗಳಿಗೆ, ನೀವು ಗಲ್ಲು ಹಾಕಿದರೆ ನಿಮ್ಮ ಕೆಲಸ ಉಳಿಸುತ್ತೇನೆ ಅಂತ ಪತ್ರಿಕೆಯವರ ಮುಂದೆ ಹೇಳೋದು! ಅವರಿಬ್ಬರೂ ಬಾಗಲಿಲ್ಲ. ಗವರ್ನರ್ ಅವರನ್ನೂ ಬೇಡ ಅಂದರು.

ದುಡ್ಡು ಹರಿಯಿತು. ಎರಡೂ ಕಡೆ ಸೇರಿ ಒಂದು ಕೋಟಿ ಡಾಲರ್ ಆಸುಪಾಸು, ಆ ಕಾಲದಲ್ಲಿ. ಜಮೀನ್ದಾರರು, ತೈಲ ಕಂಪನಿಗಳು, ದೊಡ್ಡ ವ್ಯಾಪಾರಸ್ಥರು ಕೊಟ್ಟರು. ಅವರಿಗೆ ಗಲ್ಲಿನ ಬಗ್ಗೆ ಅಂಥ ಚಿಂತೆ ಏನಿತ್ತೋ. ಈ ಕೋರ್ಟು ಕೂಲಿಕಾರರ ಪರ, ಬಾಡಿಗೆದಾರರ ಪರ, ಕಂಪನಿಗಳ ಮೇಲೆ ಪರಿಹಾರ ಕೇಳುವ ಗ್ರಾಹಕರ ಪರ ತೀರ್ಪು ಕೊಡುತ್ತಿತ್ತು ಅನ್ನೋದು ಅವರ ನೋವು. ಆದರೆ ಟಿವಿಯಲ್ಲಿ ಬಾಡಿಗೆ ಕಾನೂನಿನ ಮಾತು ಬರಲಿಲ್ಲ. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಬಂದರು. ಮಗುವಿನ ಫೋಟೋ ಹಿಡಿದ ತಾಯಿಯ ಮುಂದೆ, ಜ್ಯೂರಿಗೆ ಕೊಟ್ಟ ಸೂಚನೆಯಲ್ಲಿ ಅರ್ಧಸತ್ಯ ಇತ್ತು ಅಂತ ಯಾರು ವಾದ ಮಾಡೋದು? ಬರ್ಡ್ ಅಂದರೆ ಹಕ್ಕಿ. ಕಾರುಗಳ ಹಿಂದೆ ಹಕ್ಕಿಗೆ ಬೈ ಬೈ ಹೇಳುವ ಸ್ಟಿಕ್ಕರ್‌ಗಳು ಅಂಟಿಕೊಂಡವು.

ಜಡ್ಜ್ ಆದವರು ಕೋರ್ಟಿನಲ್ಲಿರುವ ಕೇಸಿನ ಬಗ್ಗೆ ಹೊರಗೆ ಬಾಯಿ ಬಿಡುವಂತಿಲ್ಲ. ಮುಂದೆ ಹೀಗೆ ತೀರ್ಪು ಕೊಡುತ್ತೇನೆ ಅಂತ ಭರವಸೆ ಕೊಡುವಂತಿಲ್ಲ. ರಾಜಕಾರಣಿಗೆ ಇರುವ ಎರಡು ಆಯುಧಗಳೂ ಇಲ್ಲ. ಅದರ ಮೇಲೆ ಬರ್ಡ್ ಚುನಾವಣಾ ಪಂಡಿತರನ್ನು ಕೈಬಿಟ್ಟು ಪ್ರಚಾರವನ್ನು ತಾವೇ ನಡೆಸಿದರು. ಜಾಹೀರಾತಿನಲ್ಲಿ ತಾವೇ ಕೂತು, ನ್ಯಾಯಾಲಯದ ಸ್ವಾತಂತ್ರ್ಯದ ಬಗ್ಗೆ ಮೇಷ್ಟರ ಹಾಗೆ ಶಾಂತವಾಗಿ ಮಾತಾಡಿದರು. ಗಲ್ಲಿನ ಹೆಸರೇ ಎತ್ತಲಿಲ್ಲ. ನೋಡುವವರಿಗೆ ಬೇಕಾಗಿದ್ದದ್ದು ಅದೊಂದೇ ಉತ್ತರ.

1986ರ ನವೆಂಬರ್ 4. ಬೇಡ ಅಂದವರು 67%. ರೆನೋಸೊ, ಗ್ರೋಡಿನ್ ಕೂಡ ಸೋತರು. ಈ ಇರಲಿ-ಬೇಡ ಪದ್ಧತಿ ಶುರುವಾಗಿದ್ದು 1934ರಲ್ಲಿ. ಅಲ್ಲಿಂದ ಆ ದಿನದವರೆಗೆ ಸುಪ್ರೀಂ ಕೋರ್ಟಿನ ಒಬ್ಬರನ್ನೂ ಜನ ಬೇಡ ಅಂದಿರಲಿಲ್ಲ. ಆ ದಿನದ ನಂತರವೂ ಅಂದಿಲ್ಲ. ಅದೇ ಬ್ಯಾಲೆಟ್‌ನಲ್ಲಿದ್ದ ಮಾಸ್ಕ್ ಸುಲಭವಾಗಿ ಗೆದ್ದರು. 2001ರಲ್ಲಿ ಸಾಯುವವರೆಗೂ ಆ ಕುರ್ಚಿಯಲ್ಲೇ ಇದ್ದರು.

ಇಲ್ಲಿ ನನಗೆ ಭಾರತದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಕಾರ್ಕಳ ಸೀಮೆಯ ಕೆ.ಎಸ್. ಹೆಗ್ಡೆ ನೆನಪಾದರು. 1973ರ ಏಪ್ರಿಲ್‌ನಲ್ಲಿ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸುವಂತಿಲ್ಲ ಅಂದ ಕೇಶವಾನಂದ ಭಾರತಿ ತೀರ್ಪು ಬಂದ ಮರುದಿನವೇ, ಅವರನ್ನೂ ಇನ್ನಿಬ್ಬರನ್ನೂ ದಾಟಿ ಕಿರಿಯರೊಬ್ಬರನ್ನು ದೆಹಲಿಯಲ್ಲಿ ಮುಖ್ಯ ನ್ಯಾಯಮೂರ್ತಿ ಮಾಡಿದರು. ಹೆಗ್ಡೆ ರಾಜೀನಾಮೆ ಕೊಟ್ಟು ಬಂದರು. 1977ರಲ್ಲಿ ಬೆಂಗಳೂರು ದಕ್ಷಿಣದ ಜನ ಅವರನ್ನು ಲೋಕಸಭೆಗೆ ಗೆಲ್ಲಿಸಿದರು, ಅಲ್ಲಿ ಸ್ಪೀಕರ್ ಆದರು. ನಮ್ಮಲ್ಲಿ ಸರ್ಕಾರ ಹಿಂದೆ ತಳ್ಳಿದ ನ್ಯಾಯಮೂರ್ತಿಯನ್ನು ಜನ ಎತ್ತಿಕೊಂಡರು. ಬರ್ಡ್‌ಗೆ ಆ ಕಡೆಯ ಬಾಗಿಲೂ ಇರಲಿಲ್ಲ. ತಳ್ಳಿದ್ದೇ ಜನ. ಇನ್ನು ಯಾರ ಹತ್ತಿರ ಹೋಗೋದು?

ಆಮೇಲಿನ ಹದಿಮೂರು ವರ್ಷ ಓದುವಾಗ ಬೇಜಾರಾಗುತ್ತದೆ. ರೆನೋಸೊ ಪಾಠ ಮಾಡಲು ಹೋದರು, 2000ದಲ್ಲಿ ಅಧ್ಯಕ್ಷರ ಸ್ವಾತಂತ್ರ್ಯ ಪದಕವೂ ಬಂತು. ಗ್ರೋಡಿನ್ ಕಾನೂನು ಶಾಲೆಗೆ ಮರಳಿದರು. ಬರ್ಡ್ ಸ್ವಲ್ಪ ಕಾಲ ಟಿವಿಯಲ್ಲಿ ಮಾತಾಡಿದರು. ದೊಡ್ಡ ಕೆಲಸ ಯಾವುದೂ ಹುಡುಕಿಕೊಂಡು ಬರಲಿಲ್ಲ. ಪಾಲೋ ಆಲ್ಟೋದಲ್ಲಿ ತಾಯಿಯ ಜೊತೆ ಇದ್ದರು. ಆ ತಾಯಿಯೂ 1991ರಲ್ಲಿ ಹೋದರು. ನಂತರ ಈಸ್ಟ್ ಪಾಲೋ ಆಲ್ಟೋದಲ್ಲಿ ಬಡವರಿಗೆ ಕಾನೂನು ನೆರವು ಕೊಡುವ ಒಂದು ಕಚೇರಿಗೆ ಸ್ವಯಂಸೇವಕಿಯಾಗಿ ಹೋಗತೊಡಗಿದರು. ಜೆರಾಕ್ಸ್ ಮಾಡೋದು, ಕಾಗದ ಜೋಡಿಸೋದು. ತಾನು ಯಾರು ಅಂತ ಹೇಳಿಕೊಳ್ಳಲಿಲ್ಲ. ಅಲ್ಲಿದ್ದವರಿಗೆ ಕೆಲವು ಕಾಲ ಗೊತ್ತೂ ಆಗಲಿಲ್ಲ. ರಾಜ್ಯದ ಇಡೀ ನ್ಯಾಯಾಂಗ ನಡೆಸಿದವರು ಮೂಲೆಯ ಜೆರಾಕ್ಸ್ ಮೆಷಿನ್ ಮುಂದೆ ನಿಂತಿದ್ದರು. ಆ ಊರು ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ದಾರಿ. ಹೈವೇಯಲ್ಲಿ ಎಷ್ಟು ಸಲ ದಾಟಿ ಹೋಗಿದ್ದೇನೋ ಲೆಕ್ಕವಿಲ್ಲ.

1999ರ ಡಿಸೆಂಬರ್ 4ರಂದು ಅದೇ ಕ್ಯಾನ್ಸರ್ ಅವರನ್ನು ತೆಗೆದುಕೊಂಡು ಹೋಯಿತು. ವಯಸ್ಸು 63.

ಬರ್ಡ್ ಹೋದ ಮೇಲೆ ಕೋರ್ಟು ಬದಲಾಯಿತು. ಕೊಲ್ಲುವ ಉದ್ದೇಶದ ಆ ತೀರ್ಪನ್ನು 1987ರಲ್ಲೇ ತಿರುಗಿಸಿದರು. ಗಲ್ಲು ಶಿಕ್ಷೆಗಳು ಸರಾಗವಾಗಿ ಪಾಸಾಗತೊಡಗಿದವು. ಆದರೂ ಮೊದಲ ಶಿಕ್ಷೆ ಜಾರಿಯಾಗಿದ್ದು 1992ರಲ್ಲಿ, ರಾಬರ್ಟ್ ಹ್ಯಾರಿಸ್‌ನದು. ಹೊಸ ಕಾನೂನು ಬಂದಾಗಿನಿಂದ ಈವರೆಗೆ ಜಾರಿಯಾದದ್ದು ಹದಿಮೂರು. ಕೊನೆಯದು 2006ರಲ್ಲಿ. 2019ರಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ತಾತ್ಕಾಲಿಕ ತಡೆ ಹಾಕಿದಾಗ ಸಾವಿನ ಸಾಲಿನಲ್ಲಿ 737 ಜನ ಕಾಯುತ್ತಿದ್ದರು. ಬರ್ಡ್‌ರನ್ನು ಇಳಿಸಿದವರು ಕೇಳಿದ್ದು ಕೋರ್ಟಿನಿಂದ ಸಿಕ್ಕಿತು, ಜೈಲಿನಿಂದ ಸಿಗಲಿಲ್ಲ.

ಇಷ್ಟೆಲ್ಲ ಓದಿಕೊಂಡು ಮತ್ತೆ ಬ್ಯಾಲೆಟ್ ತೆಗೆದೆ. ನಾಲ್ಕು ಹೆಸರಿನಲ್ಲಿ ಮೊದಲನೆಯದು ಪೆಟ್ರೀಷಿಯಾ ಗೆರೆರೊ, ಮುಖ್ಯ ನ್ಯಾಯಮೂರ್ತಿಯ ಸ್ಥಾನಕ್ಕೆ. ಬರ್ಡ್ ಕೂತಿದ್ದ ಅದೇ ಕುರ್ಚಿ. ಮೆಕ್ಸಿಕೋದಿಂದ ವಲಸೆ ಬಂದವರ ಮಗಳು, ಇಂಪೀರಿಯಲ್ ಕಣಿವೆಯ ಹೊಲಗಳ ಸೀಮೆಯಲ್ಲಿ ಬೆಳೆದವರು. ಅವರ ತೀರ್ಪುಗಳನ್ನು ಓದೋಣ ಅಂತ ಲ್ಯಾಪ್‌ಟಾಪ್ ತೆಗೆದೆ. ಮೊದಲನೆಯದೇ ಬಹಳ ಉದ್ದ ಇತ್ತು. ನಾಲ್ಕನೇ ಪುಟಕ್ಕೆ ನಿದ್ದೆ ಬಂತು. ಒಂದು ತೀರ್ಪನ್ನೂ ಪೂರ್ತಿ ಓದದೆ ನಾಲ್ವರಿಗೂ ಇರಲಿ ಅಂತ ತುಂಬಿದೆ. 1986ರಲ್ಲಿ ಬೇಡ ಅಂತ ತುಂಬಿದವರೂ ಇಷ್ಟೇ ಓದಿದ್ದಿರಬೇಕು.

ಡಬ್ಬಕ್ಕೆ ಹಾಕಿ ಬರುವಾಗ ಅಜ್ಜ ಹೊರಗಡೆ ಇದ್ದರು. ಕೇಳಿಯೇಬಿಟ್ಟೆ. "ನೀವೂ ಬೇಡ ಅಂತ ಹಾಕಿದ್ರಾ, ಆವತ್ತು?"

"ಹಾಕಿದೆ. ನನ್ನ ಹೆಂಡತಿಯೂ ಹಾಕಿದಳು. ಟಿವಿಯಲ್ಲಿ ಆ ತಾಯಂದಿರನ್ನು ನೋಡಲಾಗುತ್ತಿರಲಿಲ್ಲ."

"ಈಗಾದರೆ?"

ಅಜ್ಜ ಸ್ವಲ್ಪ ಹೊತ್ತು ಯೋಚಿಸಿದರು. "ಗಲ್ಲಿನ ವಿಷಯ ಈಗ ಗೊತ್ತಿಲ್ಲ. ಮೊದಲಿನಷ್ಟು ಖಚಿತ ಇಲ್ಲ. ತೆರಿಗೆ ವಿಷಯದಲ್ಲಿ ಅವಳು ಹೇಳಿದ್ದು ಸರಿ. ಸರಿ ಅಂತ ಆಗಲೂ ಗೊತ್ತಿತ್ತು." ನಮ್ಮ ಮನೆ ಕಡೆ ಒಮ್ಮೆ, ತಮ್ಮ ಮನೆ ಕಡೆ ಒಮ್ಮೆ ನೋಡಿದರು. "ಆದರೆ ಅವಳ ಮಾತು ನಡೆದಿದ್ದರೆ ನಾನು ಈ ಮನೆ ಯಾವತ್ತೋ ಮಾರಿಕೊಂಡು ಹೋಗಬೇಕಿತ್ತು."

ಒಳಗೆ ಹೋಗಿ ಒಂದು ಚೀಲ ನಿಂಬೆಹಣ್ಣು ತಂದುಕೊಟ್ಟರು. ಆ ವಾರವೆಲ್ಲ ನಮ್ಮ ಮನೆಯಲ್ಲಿ ಚಿತ್ರಾನ್ನ.